ಕುಂಕುಮ ಹಚ್ಚಿದ ಸೀಡಿ

ನಮ್ಮ ಮನೆಯಲ್ಲಿ ಬಳಸಿದ ಸಾಮಾನಿಗಿಂತ ಜೋಪಾನವಾಗಿಟ್ಟ ಸಾಮಾನು ಹಾಳಾಗುವುದೇ ಹೆಚ್ಚು. ಹೆಂಡತಿಯ ಮದುವೆಯ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳಿತು. ಬೀಗರು ಬಂದರೆ ಬೇಕೆಂದು ಎತ್ತಿಟ್ಟ ಕಪ್ಪುಗಳು ಕಪಾಟಿನಲ್ಲೇ ಹಿಡಿಕೆ ಕಳೆದುಕೊಂಡವು. ತಮಾಷೆಯೆಂದರೆ ಜೋಪಾನ ಮಾಡುವುದೇ ನನ್ನ ಹೊಟ್ಟೆಪಾಡು. ರಾಯಚೂರಿನ ಒಂದು ಕಚೇರಿಯಲ್ಲಿ ದಾಖಲೆ ಕೋಣೆ ನನ್ನ ಸುಪರ್ದಿಯಲ್ಲಿದೆ. ಯಾರದೋ ಹೊಲದ ಹಳೆಯ ನಕ್ಷೆಗೆ ಗೆದ್ದಲು ಹಿಡಿಯದಂತೆ ಕಾಯುವ ನಾನು ಹೆತ್ತವ್ವನ ದನಿಯನ್ನು ಕಾಯಲಾರದೆ ಹೋದೆ.

ಅವ್ವ ಮಾನ್ವಿ ಕಡೆಯ ಬಾಗಲವಾಡದವಳು, ಕುರಿ ಕಾಯುವ ಮನೆತನ. ನಮ್ಮನ್ನು ಮಲಗಿಸಲು ತಾನೇ ಒಂದು ಜೋಗುಳ ಕಟ್ಟಿಕೊಂಡಿದ್ದಳು. ಅದರಲ್ಲಿ ದೇವರಿಗಿಂತ ಕುರಿಗಳ ಹೆಸರೇ ಜಾಸ್ತಿ. ಆಕೆಯ ಕೊನೆಗಾಲದಲ್ಲಿ ಅದನ್ನು ರೆಕಾರ್ಡ್ ಮಾಡಿ ಎರಡು ಸೀಡಿ ಮಾಡಿಸಿದೆ. "ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ರೀ" ಎಂದು ಅಂಗಡಿಯವರು ಭರವಸೆ ಕೊಟ್ಟರು. ಒಂದು ನನಗೆ, ಇನ್ನೊಂದು ಗಬ್ಬೂರಿಗೆ ಮದುವೆಯಾಗಿ ಹೋದ ನನ್ನ ಅಕ್ಕ ಹನುಮವ್ವನಿಗೆ. ರೆಕಾರ್ಡ್ ಮಾಡಿದ ಮೊಬೈಲು ಎಂದೋ ಗುಜರಿಗೆ ಹೋಯಿತು.

ಮಹಾನವಮಿ ಬಂತೆಂದರೆ ನಮ್ಮಲ್ಲಿ ಕುಡುಗೋಲಿನಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲಕ್ಕೂ ಪೂಜೆ. ಅವ್ವನೇ ಒಳಗಿರುವಾಗ ಸೀಡಿಯನ್ನು ಹೇಗೆ ಬಿಡಲಿ? ಹೊಳೆಯುವ ಮಗ್ಗಲಿಗೆ ಗೀರು ಬೀಳಬಾರದೆಂಬಷ್ಟು ಜ್ಞಾನ ನನಗಿತ್ತು. ಹಾಗಾಗಿ ಹೆಸರು ಬರೆದ ಮಗ್ಗಲಿಗೇ ವಿಭೂತಿ ಬಳಿದು, ಕುಂಕುಮವಿಟ್ಟು ಕೈ ಮುಗಿಯುತ್ತಿದ್ದೆ. ಮರುದಿನ ಒದ್ದೆ ಬಟ್ಟೆಯಿಂದ ತಿಕ್ಕಿ ಒರೆಸಿ ಟ್ರಂಕಿನಲ್ಲಿಡುತ್ತಿದ್ದೆ. ವರ್ಷ ವರ್ಷವೂ ಇದೇ ಸೇವೆ.

ಈಚೆಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಅವ್ವನ ಜೋಗುಳವೇ ಕೇಳಬೇಕೆಂದು ಹಟ ಹಿಡಿದು, ಎರಡು ದಿನ ಮೊದಲೇ ಸೀಡಿ ತೆಗೆದರೆ ಕಂಪ್ಯೂಟರು ಗೊರಗೊರ ಎಂದು ಸುಮ್ಮನಾಯಿತು. ಬಾಣಂತಿ ಮಗಳು ನಿರ್ಮಲಾ ಅದನ್ನು ಕಿಟಕಿಗೆ ಹಿಡಿದು ನೋಡಿದಳು. ಕುಂಕುಮ ಇಟ್ಟ ಜಾಗದಲ್ಲೆಲ್ಲ ಬೆಳಕು ತೂರಿ ಬರುತ್ತಿತ್ತು.

"ಅಪ್ಪಾ, ಹಾಡು ಇರೂದು ಹೆಸರು ಬರದ ಮಗ್ಗಲದ ಕೆಳಗನ. ನೀ ಅದನ್ನ ತಿಕ್ಕೀದಿ."

ಅಕ್ಕನ ಸೀಡಿಯಾದರೂ ಇದೆಯಲ್ಲ ಎಂದು ಗಬ್ಬೂರಿನ ಬಸ್ಸು ಹತ್ತಿದೆ.

"ಅದಾ? ಪ್ಲೇಯರ್ ಕೆಟ್ತು. ಸಜ್ಜಿ ಹೊಲದಾಗ ಕಟ್ಟೀನಿ, ಹಕ್ಕಿ ಭಾಳ ಬರ್ತಾವ, ಬೆದರ್ಲಿ ಅಂತ" ಎಂದಳು ಅಕ್ಕ.

ಹೊಲಕ್ಕೆ ಓಡಿದೆ. ಬಿಸಿಲಿಗೆ ಬಣ್ಣವೆಲ್ಲ ಬಿಟ್ಟು, ಅದು ಗಾಜಿನ ಬಿಲ್ಲೆಯಾಗಿ ಕೋಲಿನ ತುದಿಯಲ್ಲಿ ತಿರುಗುತ್ತಿತ್ತು. ಅವ್ವ ತೀರಿಕೊಂಡ ದಿನ ಬಾರದ ಅಳು ಅಂದು ಬದುವಿನ ಮೇಲೆ ಬಂತು. ಹಿಂದೆಯೇ ಬಂದ ಅಕ್ಕ ನನ್ನ ಹೆಗಲು ಹಿಡಿದಳು.

"ಯಾಕಳ್ತೀಯೋ ತಮ್ಮಾ? ದಿನಾ ಅದನ್ನ ಹಚ್ಚಿ ಹಚ್ಚೇ ಪ್ಲೇಯರ್ ಕೆಡಿಸೀನಿ. ಅದರಾಗಿದ್ದದ್ದೆಲ್ಲಾ ನನಗ ಬರ್ತದ."

ತೊಟ್ಟಿಲ ದಿನ ಅಕ್ಕ ಹಗ್ಗ ಹಿಡಿದು ಹಾಡಿದಳು. ಅದೇ ಧಾಟಿ, ಅವೇ ಕುರಿಗಳು. ಎರಡನೆಯ ನುಡಿಯಲ್ಲಿ ಅವ್ವನ ಕೆಮ್ಮೂ ಬಂತು. ಅಕ್ಕನಿಗೆ ಕೆಮ್ಮಿರಲಿಲ್ಲ, ಸೀಡಿಯಲ್ಲಿ ಅಲ್ಲಿ ಕೆಮ್ಮಿತ್ತು, ಅಷ್ಟೇ. ನನ್ನ ಕಣ್ಣು ತುಂಬಿತು. ಇನ್ನೇನು ಒಳ್ಳೆಯ ನುಡಿ ಬರಬೇಕು, ಅಕ್ಕ ತಟ್ಟನೆ ನಿಲ್ಲಿಸಿ, ಗಂಡುದನಿ ತೆಗೆದು ಗದರಿದಳು:

"ಯವ್ವಾ, ತಡಿ ಬೇ! ಇದು ಸುರು ಆಗ್ಯಾದೋ ಇಲ್ಲೋ ನೋಡ್ತೀನಿ!"

ಮತ್ತೆ ಹಾಡು ಮುಂದುವರಿಯಿತು. ನೆರೆದ ಹೆಂಗಸರೆಲ್ಲ ನನ್ನತ್ತ ನೋಡಿ ಸೆರಗು ಬಾಯಿಗಿಟ್ಟುಕೊಂಡರು. ಅಂದು ರೆಕಾರ್ಡ್ ಮಾಡುವಾಗ ನಡುವೆ ಬಾಯಿ ಹಾಕಿದ್ದವನು ನಾನೇ.

"ಅಕ್ಕಾ, ಅದೊಂದು ಬಿಡಬಾರದಿತ್ತಾ?" ಎಂದೆ ಆಮೇಲೆ.

"ಪದದಾಗ ಇದ್ದದ್ದು ಹ್ಯಾಂಗ ಬಿಡ್ಲಿ?"

ಈಗ ನಿರ್ಮಲಾ ಕೂಡ ಅದನ್ನು ಅಕ್ಷರ ಬಿಡದೆ ಕಲಿತಿದ್ದಾಳೆ. ಅವ್ವನ ಕೆಮ್ಮು ಬರುವ ಹೊತ್ತಿಗೆ ಮೊಮ್ಮಗಳ ಕಣ್ಣು ಮುಚ್ಚಿರುತ್ತದೆ. ನನ್ನ ಮಾತು ಬಂದ ಕೂಡಲೇ ಬೆಚ್ಚಿ ಎದ್ದು ಅಳುತ್ತಾಳೆ.