ಗುಡ್ಡದ ತೊಟ್ಲು, ಸಿರುಗುಪ್ಪದ ಮಂದಿ

ಸರ್ಕಾರಿ ಆಫೀಸಿನ್ಯಾಗ ಕೆಲಸ ಆಗ್ಲಿ ಬಿಡ್ಲಿ, ನಗೋದಕ್ಕ ಮಾತ್ರ ಯಾವತ್ತೂ ಬರ ಇಲ್ಲ ನೋಡ್ರಿ. ಎಪ್ಪತ್ತರ ದಶಕದಾಗ ನಾನು ಬಳ್ಳಾರಿಯೊಳಗ ಗುಮಾಸ್ತ. ಕೋಟೆ ಗುಡ್ಡಕ್ಕ ರೋಪ್‌ವೇ ಹಾಕೋಣು, ತಂತಿಗೆ ಡಬ್ಬಿ ಜೋತುಬಿಟ್ಟು ಪ್ರವಾಸಿಗರನ್ನ ಮ್ಯಾಲೆ ಎಳಿಯೋಣು ಅಂತ ನಮ್ಮ ಆಫೀಸಿನ್ಯಾಗ ಒಂದು ಪ್ರಸ್ತಾವ ಎದ್ದಿತ್ತು.

ಎಲ್ಲರಿಗಿಂತ ಹಿಗ್ಗಿದವರು ಕುರುಗೋಡಿನ್ಯಾಗಿದ್ದ ನನ್ನ ಹೆಂಡ್ತಿಯ ತಾಯಿ. ಮೊಣಕಾಲು ಬ್ಯಾನಿ, ಗುಡ್ಡ ಹತ್ತಿದವರೇ ಅಲ್ಲ. ನಮ್ಮ ಮನಿಗೆ ಬಂದಾಗೆಲ್ಲ ಚಪ್ಪಲಿ ಬಿಡೋಕ್ಕಿಂತ ಮೊದಲು ಕೇಳೋರು: "ಅಳಿಯಂದ್ರ, ಗುಡ್ಡ ಹತ್ತಸೋ ತೊಟ್ಲು ಬಂತೇನ್ರಿ? ಒಮ್ಮಿ ಮ್ಯಾಲೆ ನಿಂತು ಊರು ನೋಡಬೇಕ್ರಿ."

"ಬಂದೇ ಬರತೈತಿ ಅತ್ತೀ" ಅಂತ ನಾನು ಮಾತು ಕೊಟ್ಟುಬಿಟ್ಟಿದ್ದೆ.

ಸಂಡಿಗಿ ತಕರಾರು

ಸರ್ವೇದವರು ಗುಡ್ಡದ ಬುಡದ ಓಣಿಯೊಳಗ ಕೆಂಪು ಬಾವುಟ ನೆಟ್ಟರು. ಮಾಳಿಗಿ ಮ್ಯಾಲೆ ಸಂಡಿಗಿ ಹಾಕ್ತಿದ್ದ ಅಮ್ಮಾರೊಬ್ಬರು ಅಲ್ಲಿಂದಾನೇ ಜಗಳಕ್ಕ ನಿಂತರು. "ಮ್ಯಾಲೆ ಹೋಗೋರು ಎಲಿಅಡಿಕಿ ಉಗುಳಿದ್ರ ನನ್ನ ಸಂಡಿಗಿ ಗತಿ ಏನ್ರಿ?"

"ಡಬ್ಬಿ ಕಿಟಕಿಗೆ ಗಾಜು ಹಾಕಸ್ತೀವಿ ತಾಯಿ" ಅಂದ್ರು ಸರ್ವೇದವರು.

ಅಮ್ಮಾರು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡ್ರು. "ಹಂಗಾದ್ರ ನಮ್ಮ ಮಾಳಿಗಿ ಮ್ಯಾಲೆ ಒಂದು ರಿಕ್ವೆಸ್ಟ್ ಸ್ಟಾಪ್ ಕೊಡ್ರಿ. ಬೀಗರು ಬಂದ್ರ ಇಲ್ಲೇ ಇಳಿಲಿ."

ರಿಟರ್ನ್ ಲೋಡು

ಸಿರುಗುಪ್ಪದ ಅಕ್ಕಿ ವ್ಯಾಪಾರಿ ಒಬ್ಬರಿಗೆ ಇದರಾಗ ಹಣ ಹಾಕೋ ಮನಸಾತು. ಲಾರಿ ಮಾಲಕರು ಬ್ಯಾರೆ. ನಕ್ಷೆ ನೋಡಿ ಕೇಳಿದ ಮೊದಲನೇ ಪ್ರಶ್ನೆ: "ವಾಪಸ್ ಬರೋಮುಂದ ಲೋಡು ಏನು?"

"ಹೋದ ಮಂದೀನೇ ವಾಪಸ್ ಬರ್ತಾರ್ರಿ."

"ಹೋದವರೇ ಬರ್ತಾರ?" ಅವರು ನನ್ನ ಮಾರಿ ನೋಡಿದ್ರು. "ಹಂಗಾದ್ರ ಹೋಗೋದ್ಯಾಕ್ರಿ?"



ಟವಲ್ ಹಾಕಿದ ಸೀಟು

ಕಡೀಗೆ ಬೆಂಗಳೂರಿಂದ ದೊಡ್ಡ ಸಾಹೇಬರು ಬಂದ್ರು. ನಮೂನಿಗಂತ ಆರು ಸೀಟಿನ ಒಂದು ಡಬ್ಬಿ ತರಿಸಿ, ಗುಡ್ಡದ ಬುಡದಾಗ ಕಬ್ಬಿಣದ ಕಂಬಕ್ಕ ತೂಗು ಹಾಕಿದ್ವಿ, ನೆಲದಿಂದ ಒಂದು ಗೇಣು ಮ್ಯಾಲೆ. ಸಾಹೇಬರು ಖಡಕ್ಕಾಗಿ ಹೇಳಿದ್ರು: "ಜನ ಧೈರ್ಯವಾಗಿ ಕೂತರೆ ಮುಂದಿನ ಮಾತು. ಇಲ್ಲದಿದ್ದರೆ ಫೈಲು ಇವತ್ತೇ ಮುಚ್ಚಿಬಿಡಿ."

ನೋಡಾಕ ಮಂದಿ ಕಿಕ್ಕಿರಿದಿತ್ತು. ಹತ್ತಾಕ ಒಬ್ಬರೂ ಇಲ್ಲ! "ನೀವು ಹತ್ರಿ ಮೊದಲು" ಅಂತ ಒಬ್ಬ. "ನನಗ ಹೆಂಡ್ತಿ ಮಕ್ಕಳು ಅದಾರ್ರಿ" ಅಂತ ಇನ್ನೊಬ್ಬ. ತೊಟ್ಲು ನೋಡಾಕಂತ ಕುರುಗೋಡಿನಿಂದ ಬಂದು ಮುಂದ ನಿಂತಿದ್ದ ಅತ್ತೀನೂ "ಒಬ್ಬಾಕೀನೇ ಹೆಂಗ ಹತ್ತಲ್ರಿ?" ಅಂದ್ಬಿಟ್ಟರು. ಸಾಹೇಬರು ವಾಚು ನೋಡಿದ್ರು. ಅತ್ತಿಗೆ ಕೊಟ್ಟ ಮಾತು ಹೋತಲ್ಲಪ್ಪಾ ಅಂದ್ಕೊಂಡೆ.

ಏನು ಹೊಳೀತೋ ಏನೋ, ಬಸ್ಸಿನ್ಯಾಗ ಸೀಟು ಹಿಡಿಯೋರಂಗ ಬೆವರು ಒರೆಸೋ ಟವಲ್ಲು ಕಿಟಕಿಯೊಳಗ ಒಗೆದು, ಕಂಡಕ್ಟರನಂಗ ಕೂಗಿದೆ: "ಸಿರುಗುಪ್ಪ, ಸಿರುಗುಪ್ಪ, ಸಿರುಗುಪ್ಪ! ಲಾಸ್ಟ್ ಬಸ್!"

ಅಷ್ಟೇ ನೋಡ್ರಿ! ಟವಲ್ಲು, ಕೈಚೀಲ, ಛತ್ರಿ ಎಲ್ಲಾ ಕಿಟಕಿಯೊಳಗ ಬಿದ್ದವು. ಬಾಗಿಲು ಸಾಲದೆ ಒಬ್ಬ ಕಿಟಕಿಯಿಂದಾನೇ ನುಗ್ಗಿದ. "ಟವಲ್ ಹಾಕೀನಿ, ಕಣ್ಣು ಕಾಣಂಗಿಲ್ಲೇನಲೇ?" ಅಂತ ಒಳಗ ಜಗಳಾನೂ ಶುರು ಆತು. ಕಂಬ ಕಿರ್ ಅಂತು.

ಸಾಹೇಬರಿಗೆ ಖುಷಿಯೋ ಖುಷಿ. "ಸಾಕು, ಸಾಕು, ಇಳೀರಿ" ಅಂದ್ರು. ಯಾರು ಇಳೀತಾರ? "ಇಳಿದ್ರ ಸೀಟು ಹೋಗತೈತ್ರಿ!" ಸಾಹೇಬರು ಬೇಡಿಕೊಂಡ್ರು, ಪೊಲೀಸರನ್ನ ಕರೀತೀನಿ ಅಂತ ಹೆದರಿಸಿದ್ರು. ಒಬ್ಬರೂ ಅಲುಗಾಡಲಿಲ್ಲ.

ಆಗ ಕಿಟಕಿ ಪಕ್ಕದ ಸೀಟಿನಿಂದ ಒಂದು ದನಿ ಬಂತು. ಮೊಣಕಾಲು ಬ್ಯಾನಿ ಅಂತಿದ್ದ ನಮ್ಮ ಅತ್ತಿ, ಎಲ್ಲರಿಗಿಂತ ಮೊದಲು ನುಗ್ಗಿ, ತೊಡಿ ಮ್ಯಾಲೆ ಚೀಲ ಇಟ್ಟುಕೊಂಡು ಗಟ್ಟಿಯಾಗಿ ಕೂತಿದ್ರು.

"ಸಾಹೇಬ್ರ, ಇವರೆಲ್ಲ ಸಿರುಗುಪ್ಪಕ್ಕ ಹೋಗೋರು. ನಾ ಒಬ್ಬಾಕಿ ಗುಡ್ಡಕ್ಕ. ಮೊದಲು ನನ್ನನ್ನ ಮ್ಯಾಲೆ ಇಳಿಸಿ, ಆಮ್ಯಾಲೆ ಸಿರುಗುಪ್ಪಕ್ಕ ಬಿಡ್ರಿ!"