ಬಿಸಿಲಿಗೆ ಹಿಡಿದು ನೋಡುವ ಜಾಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಬಾಯಲ್ಲಿ ಹೇಳುವುದಾದರೆ ಎದುರಿನವರ ಮುಖ ನೋಡಬಹುದು, ಅರ್ಥವಾಗಿಲ್ಲ ಅನ್ನಿಸಿದರೆ ಇನ್ನೊಂದು ಸಲ ಹೇಳಬಹುದು. ಇಲ್ಲಿ ನಿಮ್ಮ ಮುಖ ಕಾಣುವುದಿಲ್ಲ. ಹಾಗಾಗಿ ಕೆಲವನ್ನು ಎರಡೆರಡು ಸಲ ಹೇಳಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಬೀದಿಯಲ್ಲಿ ನಗುವಂಥ ಪ್ರಸಂಗಗಳಿಗೆ ಯಾವತ್ತೂ ಕೊರತೆ ಇರಲಿಲ್ಲ. ಅಂಗಡಿಗಳ ಮುಂದೆ ಸೈಕಲ್ ದಾರಿ ಮಾಡುತ್ತಾರೆ ಎಂಬ ಸುದ್ದಿ ಬಂದ ಮೇಲಂತೂ ದಿನಕ್ಕೊಂದು.

ನಮ್ಮ ಬೀದಿ ಅಂದರೆ ರಾಜಾಜಿನಗರದ ಒಂದು ಹಳೆಯ ಅಂಗಡಿ ಬೀದಿ. ಹಳೆಯದು ಅಂದರೆ ಕೋಟೆ, ಅರಮನೆ ಇರುವಷ್ಟು ಹಳೆಯದಲ್ಲ. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ತಮ್ಮ ತಮ್ಮ ಮದುವೆ ಸೀರೆಗೆ ರವಿಕೆ ಬಟ್ಟೆಯನ್ನು ಒಂದೇ ಅಂಗಡಿಯಲ್ಲಿ ತೆಗೆದುಕೊಂಡಿರುವಷ್ಟು ಹಳೆಯದು.

೧. ಮ್ಯಾಚಿಂಗ್ ಅಂದರೆ

ಆ ಅಂಗಡಿ ನಮ್ಮದೇ. ಮ್ಯಾಚಿಂಗ್ ಸೆಂಟರ್. ಗೊತ್ತಿಲ್ಲದ ಗಂಡಸರಿಗಾಗಿ ಹೇಳುತ್ತೇನೆ: ಹೆಂಗಸರು ಸೀರೆ ತರುತ್ತಾರೆ, ನಾವು ಅದಕ್ಕೆ ಹೊಂದುವ ರವಿಕೆ ಬಟ್ಟೆ, ಸೀರೆಯ ಅಂಚಿಗೆ ಹೊಲಿಯುವ ಫಾಲ್ಸು, ರವಿಕೆಯ ಒಳಗೆ ಹಾಕುವ ಲೈನಿಂಗು ಕೊಡುತ್ತೇವೆ. ಸುಲಭ ಅನ್ನಿಸಬಹುದು. ಆದರೆ ಬಟ್ಟೆಗೆ ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣ, ಬಿಸಿಲಿನಲ್ಲಿ ಇನ್ನೊಂದು ಬಣ್ಣ. ಒಳಗೆ ಅಕ್ಕತಂಗಿಯರಂತೆ ಇದ್ದ ಎರಡು ಬಟ್ಟೆಗಳು ಆಚೆ ಹೋದ ತಕ್ಷಣ ಅತ್ತೆ ಸೊಸೆ ಆಗಿಬಿಡುತ್ತವೆ.

ಅದಕ್ಕೇ ಅಪ್ಪನ ಕಾಲದಿಂದ ಒಂದು ನಿಯಮ. ಗಿರಾಕಿ ಬಟ್ಟೆಯನ್ನು ಆಚೆ ಒಯ್ದು ಬಿಸಿಲಿಗೆ ಹಿಡಿದು ನೋಡುವ ತನಕ ನಾವು ಕತ್ತರಿ ಮುಟ್ಟಬಾರದು. ನಮ್ಮ ಮೆಟ್ಟಿಲ ಮುಂದೆ, ರಸ್ತೆಯ ಅಂಚಿನಲ್ಲಿ, ಒಂದು ಚಾಪೆ ಹಾಸುವಷ್ಟು ಜಾಗವಿದೆ. ಸುತ್ತ ಕಟ್ಟಡಗಳು ಎದ್ದ ಮೇಲೆ ಬಿಸಿಲು ನೆಟ್ಟಗೆ ಬೀಳುವುದು ಅಲ್ಲಿ ಮಾತ್ರ. ನಮ್ಮ ವ್ಯಾಪಾರ ನಿಂತಿರುವುದೇ ಆ ಜಾಗದ ಮೇಲೆ.

ನಾನು ಚಿಕ್ಕವನಿದ್ದಾಗ ಹತ್ತಿರದ ಕಾರ್ಖಾನೆಯ ಸೈರನ್ ಆದ ಕೂಡಲೇ ಬೀದಿ ತುಂಬ ಸೈಕಲ್. ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡು, ಬೆಲ್ ಮಾಡುತ್ತ, ಮಾತಾಡುತ್ತ ಸಾಲಾಗಿ ಹೋಗುತ್ತಿದ್ದರು. ಅವರಲ್ಲಿ ಒಬ್ಬ, ನಮ್ಮ ಜಾಗದಲ್ಲಿ ಯಾರಾದರೂ ಬಟ್ಟೆ ಹಿಡಿದು ನಿಂತಿದ್ದರೆ, ಬ್ರೇಕ್ ಹಾಕಿ ಒಂದು ಕಾಲು ಊರುತ್ತಿದ್ದ. "ಅಕ್ಕಾ, ಇನ್ನೂ ಸ್ವಲ್ಪ ಡಾರ್ಕ್ ಬೇಕು" ಎಂದು ಹೇಳಿ ಹೊರಟುಹೋಗುತ್ತಿದ್ದ. ಅವನನ್ನು ಯಾರೂ ಕೇಳಿರುತ್ತಿರಲಿಲ್ಲ. ಆದರೆ ಅವನು ಹೇಳಿದ್ದು ಸರಿ ಇರುತ್ತಿತ್ತು.

ಒಂದು ದಿನ ಅಪ್ಪ ಅವನನ್ನು ನಿಲ್ಲಿಸಿ, "ನಮ್ಮಂಗ್ಡೀಲೇ ಕೆಲ್ಸಕ್ಕೆ ಸೇರ್ಕೊಳ್ಳಪ್ಪ" ಅಂದರು.

"ಬ್ಯಾಡ ಯಜಮಾನ್ರೇ," ಅಂದ ಅವನು. "ಈಗಾದ್ರೆ ಹೇಳ್ಬಿಟ್ಟು ಓಡೋಗ್ತೀನಿ. ಒಳಗೆ ಬಂದ್ರೆ ಅವ್ರು ಒಪ್ಪೋ ತಂಕ ನಿಂತಿರ್ಬೇಕಲ್ಲ."

೨. ತುರ್ತು ಸಭೆ

ಈಗ ಸೈಕಲ್ ದಾರಿಯ ವಿಷಯ. ಅಂಗಡಿಗಳ ಮುಂದೆ ರಸ್ತೆಗೆ ಹಸಿರು ಬಣ್ಣ ಬಳಿದು, ಪಕ್ಕದಲ್ಲಿ ಗಿಡ್ಡ ಕಂಬಗಳನ್ನು ನೆಟ್ಟು, ಒಳಗೆ ಸೈಕಲ್ ಮಾತ್ರ ಬಿಡುವುದು. ಅಂದರೆ ನನ್ನ ಬಿಸಿಲಿನ ಜಾಗದ ಮೇಲೆಯೇ. ಸೈಕಲ್ ನುಗ್ಗುವ ಕಡೆ ಯಾವ ಹೆಂಗಸು ಸೀರೆ ಬಿಚ್ಚಿ ಹಿಡಿದು ನಿಲ್ಲುತ್ತಾಳೆ? ನನಗಂತೂ ಅನ್ನ ಇಳಿಯಲಿಲ್ಲ.

ಬೇಕರಿಯ ಮೇಲಿನ ಹಾಲ್‌ನಲ್ಲಿ ವರ್ತಕರ ಸಂಘದ ಸಭೆ ಸೇರಿತು. ಪಾತ್ರೆ ಅಂಗಡಿಯ ಯಜಮಾನರೇ ನಮ್ಮ ಸಂಘದ ಅಧ್ಯಕ್ಷರು. ಮೊದಲು ಬೇಕರಿಯವರು ಎದ್ದರು.

"ನನ್ನ ಗಿರಾಕಿ ಸ್ಕೂಟರಿಂದ ಇಳಿಯೋದೇ ಇಲ್ಲ ಸಾರ್. ಎಂಜಿನ್ ಆಫ್ ಮಾಡಲ್ಲ, ಕಾಲು ಊರ್ತಾನೆ, ಎರಡು ಪಫ್ಸ್ ಅಂತಾನೆ. ನಾನೇ ಓಡೋಗಿ ಕೈಗೆ ಕೊಡ್ತೀನಿ. ಕಂಬ ನೆಟ್ರೆ ಅವ್ನು ಇಳೀಬೇಕು. ಇಳಿದ್ರೆ ಯೋಚನೆ ಮಾಡ್ತಾನೆ. ಯೋಚನೆ ಮಾಡಿದ್ರೆ ಪಫ್ಸ್ ಯಾಕೆ ತಿಂತಾನೆ?"

ಅಧ್ಯಕ್ಷರು ಮೇಜು ಕುಟ್ಟಿದರು. "ಈಗ್ಲೇ ನಮ್ಮ ಗಿರಾಕಿಗಳಿಗೆ ಗಾಡಿ ನಿಲ್ಸೋಕೆ ಜಾಗ ಇಲ್ಲ. ಇನ್ನು ಇರೋದನ್ನೂ ಸೈಕಲ್‌ನವ್ರಿಗೆ ಬಿಟ್ಕೊಡ್ಬೇಕಂತೆ."

ಎಲ್ಲರೂ ಚಪ್ಪಾಳೆ ತಟ್ಟುವಾಗ ಕೆಳಗೆ ಹಾರ್ನ್ ಶುರುವಾಯಿತು. ನಿಲ್ಲಲೇ ಇಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಕಾರಿನಲ್ಲಿ ಒಬ್ಬ ಹೆಂಗಸು. "ಯಾರದ್ರೀ ಈ ಸ್ಕೂಟರ್‌ಗಳೆಲ್ಲ? ಗೃಹಪ್ರವೇಶಕ್ಕೆ ಪಾತ್ರೆ ತಗೋಬೇಕು, ಕಾರು ನಿಲ್ಸೋಕೆ ಒಂದಿಷ್ಟಾದ್ರೂ ಜಾಗ ಬೇಡ್ವಾ?"

ನಾವೆಲ್ಲ ಸ್ಕೂಟರ್‌ಗಳನ್ನು ನೋಡಿದೆವು. ಮೊದಲನೆಯದು ಅಧ್ಯಕ್ಷರದು. ಅದರ ಪಕ್ಕ ಬೇಕರಿಯವರದು. ಆಮೇಲೆ ನನ್ನದು. ಉಳಿದವರ ಕೈಗಳೂ ಒಂದೊಂದಾಗಿ ಜೇಬಿನಲ್ಲಿ ಕೀ ಹುಡುಕತೊಡಗಿದವು. ನಾವು ಕೆಳಗಿಳಿಯುವಷ್ಟರಲ್ಲಿ ಆಕೆ ಹೊರಟುಹೋಗಿದ್ದರು. ಗಿರಾಕಿಗಳಿಗೆ ಜಾಗವಿಲ್ಲ ಎಂಬುದನ್ನು ಸಭೆ ಕಣ್ಣಾರೆ ಕಂಡು, ಸರ್ವಾನುಮತದಿಂದ ಅಂಗೀಕರಿಸಿತು.

೩. ಮದುವೆಯ ಹಂಡೆ

ಅಂದಿನಿಂದ ಬಂದ ಗಿರಾಕಿಗಳ ಮುಂದೆಲ್ಲ ಅಧ್ಯಕ್ಷರದು ಒಂದೇ ಭಾಷಣ. ಒಂದು ಬೆಳಗ್ಗೆ ಶ್ರೀಗಂಧದ ಕಾವಲು ಬಡಾವಣೆಯಿಂದ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಕಾರಿನಲ್ಲಿ ಅವರ ಅಂಗಡಿಗೆ ಬಂದಿಳಿದರು. ನಾನೂ ಅಲ್ಲೇ ಇದ್ದೆ.

"ನೀವೇ ಹೇಳಿ ಅಜ್ಜಿ, ಸೈಕಲ್ ಮೇಲೆ ಯಾರಾದ್ರೂ ಪಾತ್ರೆ ಸಾಗ್ಸೋಕಾಗುತ್ತಾ?" ಅಂದರು ಅಧ್ಯಕ್ಷರು.

"ಯಾಕಾಗಲ್ಲ? ನಿಮ್ಮಪ್ಪ ನನ್ನ ಮದ್ವೆ ಹಂಡೆ ತಂದಿದ್ದು ವಿಮಾನದಲ್ಲಾ? ಕ್ಯಾರಿಯರ್‌ಗೆ ಹಗ್ಗ ಹಾಕಿ ಕಟ್ಕೊಂಡು ನಮ್ಮೂರ ತಂಕ ತಳ್ಕೊಂಡು ಬಂದಿದ್ರು. ಆಗ ಅಲ್ಲಿ ರಸ್ತೆ ಎಲ್ಲಿತ್ತು, ಬರೀ ರಾಗಿ ಹೊಲ. ಹಂಡೆ ಫಳಫಳ ಅನ್ನೋದು ದೂರದಿಂದಲೇ ಕಾಣೋದು. ಹುಡುಗ್ರೆಲ್ಲ ಹಿಂದೆ ಓಡಿದ್ರು."

ಅಧ್ಯಕ್ಷರು ಗೋಡೆಯ ಮೇಲಿದ್ದ ಅವರಪ್ಪನ ಫೋಟೋ ನೋಡಿದರು. "ಹೌದಜ್ಜಿ. ಅಪ್ಪ ಬರೋದು ಮನೇಲಿ ಮೊದಲೇ ಗೊತ್ತಾಗೋದು. ಸೈಕಲ್ ಮೇಲೆ ಪಾತ್ರೆಗಳು ಒಂದಕ್ಕೊಂದು ತಗಲಿ ಸದ್ದು ಮಾಡೋವು. ಅಮ್ಮ ಆ ಸದ್ದು ಕೇಳಿ ಕಾಫಿಗೆ ಇಡೋರು." ಅಜ್ಜಿಗೆ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಸೈಕಲ್ ದಾರಿಗೆ ಅವರೇ ಒಪ್ಪಿಗೆ ಕೊಟ್ಟುಬಿಡುತ್ತಿದ್ದರೇನೋ.

ಅಜ್ಜಿ ನಿಧಾನವಾಗಿ ಕಾಫಿ ಕುಡಿದು ಮುಗಿಸಿದರು. "ಒಳ್ಳೇ ಮನುಷ್ಯ ನಿಮ್ಮಪ್ಪ. ಆದ್ರೆ ದಾರೀಲಿ ಎಲ್ಲೋ ಬೀಳ್ಸಿ ಹಂಡೆ ಕಂಠ ಸೊಟ್ಟ ಆಗಿತ್ತು. ಬದಲಾಯಿಸ್ಕೊಡ್ತೀನಿ ಅಂದೋರು ಮತ್ತೆ ಬರ್ಲೇ ಇಲ್ಲ. ಕಾರಲ್ಲೇ ಇದೆ. ಇಳಿಸ್ಲಾ?"

೪. ಕಪ್ಪು ಬಾವುಟ

ದಾರಿ ಗುರುತು ಮಾಡಲು ಎಂಜಿನಿಯರ್ ಮೇಡಂ ಬರುವ ದಿನ ಗೊತ್ತಾಯಿತು. ಅವರಿಗೆ ಕಪ್ಪು ಬಾವುಟ ತೋರಿಸುವುದೆಂದು ಸಂಘ ತೀರ್ಮಾನಿಸಿತು. ಬಟ್ಟೆ ಯಾರದು? ನನ್ನದು. ಹಿಂದಿನ ಸಂಜೆ ಅಧ್ಯಕ್ಷರು ಬಂದು ಕೌಂಟರ್ ಮುಂದೆ ನಿಂತರು. ಹೊತ್ತು ಮುಳುಗಿತ್ತು.

"ಬೆಳಿಗ್ಗೆ ಬಿಸಿಲಲ್ಲಿ ನೋಡಿ ಕೊಡ್ತೀನಿ ಸಾರ್," ಅಂದೆ.

"ಕಪ್ಪು ಕಪ್ಪೇ ಕಣೋ. ಬಾವುಟಕ್ಕೆ ಯಾವ ಸೀರೆ ಮ್ಯಾಚಿಂಗ್ ನೋಡ್ತೀಯ? ಸುಮ್ನೆ ಹರಿ."

ಹರಿದೆ. ಅಪ್ಪನ ನಿಯಮ ನಮ್ಮ ಅಂಗಡಿಯಲ್ಲಿ ತಪ್ಪಿದ್ದು ಅದೇ ಮೊದಲು.

ಮಾರನೆಯ ದಿನ ಒಳ್ಳೆಯ ಬಿಸಿಲು. ಎದುರು ಬದಿಯಲ್ಲಿ ಸೈಕಲ್ ಕ್ಲಬ್ಬಿನ ಹುಡುಗರು ದಾರಿ ಬೇಕು ಅಂತ ಬಂದು ನಿಂತಿದ್ದರು. ಎಲ್ಲರದೂ ಒಂದೇ ಥರದ ಟೀ ಶರ್ಟು, ನೇವಿ ಬ್ಲೂ. ನೇವಿ ಬ್ಲೂ ಅಂದರೆ ಕಪ್ಪಿಗೆ ತೀರ ಹತ್ತಿರದ ನೀಲಿ. ಮೇಡಂ ಗಾಡಿ ಇಳಿದರು. ನಾವು ಬಾವುಟ ಎತ್ತಿದೆವು. ನನ್ನ ಹೆಂಡತಿ ಮೆಟ್ಟಿಲ ಮೇಲಿಂದ ಮೆಲ್ಲಗೆ ಹೇಳಿದಳು: "ರೀ, ಅದು ಕಪ್ಪಲ್ಲ."

ಮೇಡಂ ನೆಟ್ಟಗೆ ನಮ್ಮ ಹತ್ತಿರ ಬಂದು ಕೈ ಮುಗಿದರು. "ಅಂಗಡಿಯವ್ರೆಲ್ಲ ವಿರೋಧ ಅಂತ ಹೇಳಿದ್ರು. ನೀವೂ ಇದೇ ಕ್ಲಬ್‌ನವ್ರಾ? ತುಂಬಾ ಥ್ಯಾಂಕ್ಸ್ ಸಾರ್."

ಒಬ್ಬ ಹುಡುಗ ಓಡಿಬಂದು ಬಾವುಟದ ತುದಿಯನ್ನು ತನ್ನ ಟೀ ಶರ್ಟಿಗೆ ಹಿಡಿದು ನೋಡಿದ. "ಮಗಾ, ಅಂಕಲ್‌ಗಳು ನಮ್ ಕಲರೇ ಹುಡುಕಿ ತಂದವ್ರೆ ನೋಡೋ." ಅಧ್ಯಕ್ಷರು ನನ್ನನ್ನು ನೋಡಿದ ನೋಟವನ್ನು ವಿವರಿಸಲಾರೆ. ಆದರೆ ಒಂದು ಮಾತು ಹೇಳಲೇಬೇಕು. ಮ್ಯಾಚಿಂಗ್ ಮಾತ್ರ ಪಕ್ಕಾ ಆಗಿತ್ತು.

"ಮೇಡಂ, ಇದು ಕಪ್ಪು. ಅಂದ್ರೆ, ಒಳಗೆ ಕಪ್ಪು," ಅಂದೆ. ಅವರನ್ನು ಅಂಗಡಿಯೊಳಗೆ ಕರೆದುಕೊಂಡು ಹೋಗಿ ಟ್ಯೂಬ್‌ಲೈಟಿನ ಕೆಳಗೆ ಬಾವುಟ ಹಿಡಿದೆ. ಕಪ್ಪು. ಆಚೆ ಬಂದು ನಮ್ಮ ಜಾಗದಲ್ಲಿ ಹಿಡಿದೆ. ನೀಲಿ. ಅವರೇ ಬಾವುಟ ಇಸಿದುಕೊಂಡು ಇನ್ನೊಂದು ಸಲ ಒಳಗೆ ಹೋಗಿ ಬಂದರು.

"ಹಾಗಾದ್ರೆ ಈ ಜಾಗ ಹೋದ್ರೆ?" ಅಂದರು.

"ನಮಗೇ ಹಿಂಗಾದ್ರೆ, ಮದುವೆಗೆ ಹೋಗೋ ಹೆಂಗಸರ ಗತಿ ಏನು ಮೇಡಂ?"

ಅವರು ನಕ್ಕರು. ನಗುತ್ತಲೇ ಹೇಳಿದರು: "ದಾರಿ ನಿಲ್ಸೋದು ನನ್ನ ಕೈಲಿಲ್ಲ ಸಾರ್. ಆದ್ರೆ ಇಲ್ಲಿ ಸೈಕಲ್‌ಗಳು ನಿಧಾನ ಆಗೋ ಹಾಗೆ ಅಡ್ಡ ಪಟ್ಟಿ ಹಾಕಿಸ್ತೀನಿ."

ದಾರಿ ಬಂತು. ಪಟ್ಟಿಯೂ ಬಂತು. ನಮ್ಮ ಸ್ಕೂಟರ್‌ಗಳು ಅಲ್ಲಿಂದ ತೊಲಗಿದ್ದರಿಂದ ಬಿಸಿಲು ಮೊದಲಿಗಿಂತ ಅಗಲವಾಗಿ ಬೀಳತೊಡಗಿತು. ಆದರೂ ಹೆಂಗಸರು ಅಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂದು ನಾನು ಬಾಗಿಲಲ್ಲೇ ನಿಂತು ಕಾಯುತ್ತಿದ್ದೆ. ಮೊದಲನೆಯ ದಿನ ಅನ್ನಪೂರ್ಣೇಶ್ವರಿ ನಗರದಿಂದ ಬಂದ ಒಬ್ಬರು ನೇರಳೆ ಸೀರೆ ಹಿಡಿದು ಹಸಿರು ಪಟ್ಟೆಯ ಮೇಲೆ ನಿಂತರು. ಆ ಕಡೆಯಿಂದ ಒಂದು ಸೈಕಲ್ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಬ್ರೇಕ್ ಸದ್ದು ಕೇಳಿ ಕಣ್ಣು ಬಿಟ್ಟರೆ, ಆ ಕ್ಲಬ್ಬಿನ ಹುಡುಗ ಒಂದು ಕಾಲು ಊರಿ ನಿಂತಿದ್ದ.

"ಆಂಟಿ, ಇನ್ನೂ ಸ್ವಲ್ಪ ಡಾರ್ಕ್ ಬೇಕು ಅನ್ಸುತ್ತೆ," ಅಂದವನೇ ಹೊರಟುಹೋದ.

ಅವನನ್ನು ಯಾರೂ ಕೇಳಿರಲಿಲ್ಲ. ನಾನು ಚಿಕ್ಕಂದಿನಲ್ಲಿ ಕೂರುತ್ತಿದ್ದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ, ಆದರೂ ಸೈರನ್ ಕೇಳಿದ ಹಾಗಾಯಿತು.

ಹುಡುಗ ಹೇಳಿದ್ದು ಸರಿ ಇತ್ತೇ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ಮೊದಲು ನೇರಳೆ ಬಣ್ಣದ ಬಗ್ಗೆ ವಿವರಿಸಬೇಕು. ನೇರಳೆಯಲ್ಲಿ ಎರಡು ಜಾತಿ. ಒಂದು ಬದನೆಕಾಯಿಯ ಕಡೆಗೆ ವಾಲುವುದು, ಇನ್ನೊಂದು ದ್ರಾಕ್ಷಿಯ ಕಡೆಗೆ ವಾಲುವುದು. ಕೆಳಗೆ ಹಸಿರು ಬಳಿದಿರುವಾಗ ಬದನೆಕಾಯಿ ನೇರಳೆ ಏನಾಗುತ್ತದೆ ಅಂದರೆ,

ನನ್ನವಳು ಕೂಗುತ್ತಿದ್ದಾಳೆ. "ರೀ, ಬರೆದಿದ್ದು ಸಾಕು, ಬೇಗ ಆಚೆ ಬನ್ನಿ. ಇಲ್ಲಿ ಮೂರು ಸೈಕಲ್ ನಿಂತಿದೆ. ಒಬ್ಬೊಬ್ರು ಒಂದೊಂದು ಬಣ್ಣ ಹೇಳ್ತಿದಾರೆ."