ಕತೆ ಹೇಳುವವನಿಗೆ ಕವಡೆಯಿಲ್ಲ

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಯಾರೂ ಕೇಳದಿದ್ದರೂ ಈ ಮಾತು ಹೇಳುವುದು ನನ್ನ ರೂಢಿ; ಆದ್ದರಿಂದ ಆರಂಭದಲ್ಲೇ ಹೇಳಿ ಮುಗಿಸುತ್ತೇನೆ. ಹೀಗೆ ಮೊದಲು ಓದಿದವನಿಗೆ ಒಂದು ಕಷ್ಟವಿದೆ. ಊರಿನ ಕಾಗದ ಓದುವವನು ಅವನೇ, ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುವವನು ಅವನೇ, ಬೀಗರ ಮುಂದೆ ಮಾತಾಡುವವನೂ ಅವನೇ. ಕೊನೆಗೆ ಆಟಕ್ಕೆ ಕೂತರೂ ಅವನಿಗೆ ಹೇಳುವ ಕೆಲಸ, ಆಡುವುದು ಉಳಿದವರು.

ಧಾರವಾಡದ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ, ಪರದೇಶದ ಮಾವನಿಂದ ಕಲಿತ ಆಟವೊಂದನ್ನು ನಮಗೆ ಕಲಿಸಿದ್ದ. ಒಬ್ಬ ಕತೆ ಹೇಳಬೇಕು: ಇಗೋ ಕಾಡು, ಇಗೋ ಗವಿ, ಒಳಗೆ ರಾಕ್ಷಸ. ಉಳಿದವರು ವೀರನೋ ಕಳ್ಳನೋ ಮಂತ್ರವಾದಿಯೋ ಆಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದಕ್ಕೆ ದಾಳ. ಅವನ ದಾಳಗಳು ಅವನ ಜೊತೆಗೇ ಹೋದವು. ನಾನು ಅವ್ವನ ಕವಡೆಗಳನ್ನು ತಂದೆ. ಹೆಚ್ಚು ಕವಡೆ ಅಂಗಾತ ಬಿದ್ದರೆ ಗೆಲುವು. “ಬಿ.ಎ. ಮಾಡಿ ಕವಡಿ ಆಡಾಕ ಹೊಂಟಿಯೇನೋ ಯಪ್ಪಾ,” ಎಂದು ಅವ್ವ ಹಣೆ ಬಡಿದುಕೊಂಡಳು.

ಸರಕಾರಿ ಕಚೇರಿಯಲ್ಲಿ ಗುಮಾಸ್ತನ ನೌಕರಿ ಸಿಕ್ಕಿ ಕುಷ್ಟಗಿಗೆ ಹೋದೆ. ರವಿವಾರ ಜೊತೆಯ ಗುಮಾಸ್ತರನ್ನು ಮನೆಯಲ್ಲಿ ಕೂಡಿಸಿ ಆಟ ಹೂಡಿದೆ. ಸುದ್ದಿ ತಿಳಿದು ಸಾಹೇಬರೂ ಬಂದು ಕೂತರು; ಆರಿಸಿಕೊಂಡದ್ದು ಕಳ್ಳನ ಪಾತ್ರ. ಆಟದಲ್ಲಿ ಖಜಾನೆ ಕಾಯುವ ಸಿಪಾಯಿಯಾಗಿದ್ದ ಗುಮಾಸ್ತ ಬಸಣ್ಣ, ಕಳ್ಳ ಕಂಡೊಡನೆ ಎದ್ದು ನಿಂತು, “ಬರ್ರಿ ಸಾಹೇಬ್ರ, ಖಜಾನಿ ಈ ಕಡಿ ಐತ್ರಿ” ಎಂದ. ಸಾಹೇಬರ ಕವಡೆ ಬೋರಲು ಬಿದ್ದರೆ ಬಸಣ್ಣನ ಕಾಲ್ಬೆರಳು ಅದನ್ನು ಮೆಲ್ಲಗೆ ಹೊರಳಿಸುತ್ತಿತ್ತು. “ಗಾಳಿಗ್ರಿ” ಎನ್ನುತ್ತಿದ್ದ. ಕಿಟಕಿ ಮುಚ್ಚಿತ್ತು.

ಗಂಗಾವತಿಗೆ ವರ್ಗವಾದಾಗ ಅಕ್ಕಿ ಗಿರಣಿಯವರ ಗುಂಪು ಸಿಕ್ಕಿತು. ಭಯಂಕರ ರಾಕ್ಷಸನನ್ನು ತಂದು ನಿಲ್ಲಿಸಿದೆ. ವೀರನಾಗಿದ್ದ ಶೆಟ್ಟರು ಖಡ್ಗ ಮುಟ್ಟಲೇ ಇಲ್ಲ. “ಬಡದಾಡಿ ಏನ್ ಸಿಗತೈತ್ರಿ? ಇಷ್ಟ್ ತಾಕತ್ ಇದ್ದಾಂವ ಗವ್ಯಾಗ ಖಾಲಿ ಕುಂತಾನ. ನಮ್ಮ ಗಿರಣ್ಯಾಗ ಚೀಲಾ ಹೊರಾಕ ಬರ್ತಾನೇನ್ ಕೇಳ್ರಿ.” ರಾಕ್ಷಸನ ಪರವಾಗಿ ಉತ್ತರಿಸಬೇಕಾದವನು ನಾನು. ಗಾಬರಿಯಲ್ಲಿ “ಊಟಾ ಹಾಕ್ತೀರೇನ್ರಿ?” ಎಂದುಬಿಟ್ಟೆ. ಅಲ್ಲಿಂದ ಮುಂದೆ ಕತೆ ಭತ್ತದ ವ್ಯಾಪಾರ ಬಿಟ್ಟು ಅಲುಗಲಿಲ್ಲ.

ನಗುತ್ತಿದ್ದೆ, ನಿಜ. ಆದರೆ ಒಳಗೆ ಹೊಟ್ಟೆಕಿಚ್ಚು. ಬಸಣ್ಣ ಸಿಪಾಯಿಯಾದ, ಶೆಟ್ಟರು ವೀರರಾದರು. ನಾನು ಮಾತ್ರ ಗವಿ, ಮಂಜು, ಹೊಳೆ, ಬಾಗಿಲು. “ಒಮ್ಮೆ ನಾನೂ ಆಡ್ತೀನ್ರಿ” ಎಂದರೆ ಎಲ್ಲರದೂ ಒಂದೇ ಉತ್ತರ: “ಛೇ, ನೀವು ಓದಿದವ್ರು. ನೀವ ಹೇಳ್ಬೇಕ್ರಿ.” ಆ ಗೌರವ ಸಿಹಿಯಾಗಿಯೇ ಇರುತ್ತಿತ್ತು, ಅದೇ ತೊಂದರೆ. ಯಲಬುರ್ಗಾಕ್ಕೆ ವರ್ಗವಾದಾಗ ಗುಂಪೇ ಕೂಡಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕೂತು, ನಾನು ಮುಂದೆಂದೋ ಆಗಲಿರುವ ವೀರನನ್ನು ಕಲ್ಪಿಸಿಕೊಳ್ಳುತ್ತಿದ್ದೆ: ಹುರಿ ಮೀಸೆ, ಕಪ್ಪು ಕುದುರೆ, ಯಾರಪ್ಪನ ಮಾತೂ ಕೇಳದ ಗಂಡು.

ಕೊಪ್ಪಳಕ್ಕೆ ಬಂದಮೇಲೆ ಒಂದು ರವಿವಾರ ಹೆಂಡತಿ ನೀಲವ್ವ ಕವಡೆ ಕಸಿದುಕೊಂಡಳು. “ಇವತ್ತ ನಾ ಹೇಳ್ತೀನಿ, ನೀವ್ ಆಡ್ರಿ. ಇಷ್ಟ್ ವರ್ಷ ಅಡಗಿ ಮನ್ಯಾಗ ಕುಂತು ಕೇಳೇನಿ, ಬರೂದಿಲ್ಲೇನು?” ನೆರೆಮನೆಯ ಕಂಡಕ್ಟರ್ ಹುಸೇನಸಾಬ, ಅವನ ಹೆಂಡತಿ ಬೀಬಮ್ಮ ಬಂದು ಕೂತರು. ನೀಲವ್ವ ಕತೆ ಹೂಡಿದಳು: ಗುಡ್ಡದ ಮೇಲಿನ ರಾಕ್ಷಸ ಊರ ಗಂಟೆ ಕದ್ದೊಯ್ದಿದ್ದಾನೆ, ತರಬೇಕು. “ಯಾರ್‍ಯಾರು ಏನೇನ್ ಆಗ್ತೀರಿ?”

“ನಾ ರಾಜಾ. ಚಿಲ್ರೆ ಕೇಳಾಂವ ಒಬ್ಬಾಂವೂ ಇರಬಾರ್ದು,” ಎಂದ ಹುಸೇನಸಾಬ.

“ನಾ ಹುಲಿ,” ಎಂದಳು ಬೀಬಮ್ಮ, ಗಂಡನ ಕಡೆ ನೋಡುತ್ತ.

ನನ್ನ ಸರದಿ. ಕುದುರೆ ಸಜ್ಜಾಗಿ ನಿಂತಿತ್ತು, ಮೀಸೆಯೂ ಇತ್ತು. ಅಷ್ಟರಲ್ಲಿ ಒಂದು ಯೋಚನೆ ಅಡ್ಡ ಬಂತು. ಬುತ್ತಿ ಕಟ್ಟಿಕೊಂಡು ನಡೆದು, ಬೀದಿ ದೀಪದ ಕೆಳಗೆ ಓದಿ ಸಂಪಾದಿಸಿದ್ದನ್ನು ಕಳಚಿಟ್ಟು ಕುದುರೆ ಹತ್ತುವುದೇ? ಬಾಯಿ ತಾನಾಗಿಯೇ ಹೇಳಿತು: “ನಾನು... ಬಿ.ಎ. ಪಾಸಾದಾಂವ.”

“ಅಯ್ಯ, ಇಲ್ಲೂ ಅದೇನ್ರಿ!” ಎಂದು ನೀಲವ್ವ ನಕ್ಕಳು. ನಕ್ಕ ಮೇಲೆ ಒಂದು ಗಳಿಗೆ ನನ್ನ ಮುಖ ನೋಡಿದಳು. “ಆಗ್ಲಿ. ರಾಜಾ, ಹುಲಿ ಗುಡ್ಡ ಹತ್ಯಾರ. ನಿಮ್ಮ ಬಿ.ಎ. ಏನ್ ಮಾಡ್ತಾನ?”

“ಗಂಟೆ ಕೊಡಿಸಬೇಕೆಂದು ಕಚೇರಿಗೆ ಅರ್ಜಿ ಕೊಡ್ತಾನ.”

ಕವಡೆ ಎಸೆದೆ. ಎಲ್ಲವೂ ಅಂಗಾತ! ಅಂಥ ಎಸೆತ ಯಾವ ಗುಂಪಿನಲ್ಲೂ ಯಾರಿಗೂ ಬಿದ್ದದ್ದನ್ನು ಕಂಡಿರಲಿಲ್ಲ. ಗವಿ ಒಡೆಯಬಹುದಿತ್ತು, ರಾಕ್ಷಸನನ್ನು ಕೆಡವಬಹುದಿತ್ತು. ನೀಲವ್ವ ಕವಡೆಗಳನ್ನು ದಿಟ್ಟಿಸಿ, ನಾನು ದಿನಾ ಕಚೇರಿಯಲ್ಲಿ ಬಳಸುವ ದನಿಯನ್ನೇ ತೆಗೆದು ತೀರ್ಪು ಕೊಟ್ಟಳು: “ಅರ್ಜಿ ತೊಗೊಂಡಾರ್ರಿ. ನಾಳೆ ಬರ್ರಿ.”

ಹುಲಿ ಗಂಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಗುಡ್ಡ ಇಳಿಯಿತು. ರಾಜ ಹಿಂದೆ ಹಿಂದೆ ಓಡಿದ. ಆ ಊರಲ್ಲಿ ಗಂಟೆ ಮೊಳಗಿತು. ನಾನು ಮಾತ್ರ ಕಚೇರಿಯ ಬೆಂಚಿನ ಮೇಲೆ ಉಳಿದೆ. ಅಲ್ಲಿನ ಗುಮಾಸ್ತ ಇನ್ನೂ ಕುರ್ಚಿಗೆ ಬಂದಿಲ್ಲ. ಅವನ ಚಾಳಿ ನನಗೆ ಚೆನ್ನಾಗಿ ಗೊತ್ತು, ನಾಳೆಯೂ ಬರಲಿಕ್ಕಿಲ್ಲ.